ಫೋನು ಈಸ್ಕೊಂಡ ಮೇಲೆ

ಮಂಡ್ಯ, 11 ಜುಲೈ 2025, ಶುಕ್ರವಾರ

ಮೂರನೇ ಆಷಾಢ ಶುಕ್ರವಾರ. ಸ್ಕೂಲಿನ ಸಮಾಜ ವಿಜ್ಞಾನದ ಮೇಡಂ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರಿಂದ ಅವರ ಪೀರಿಯಡ್ಡೂ ನನಗೇ ಬಂತು. ಗಂಟಲು ಕಟ್ಟಿದೆ. ಬೇಗ ಮಲಗೋಣ ಅಂದುಕೊಂಡಿದ್ದೆ. ಆದರೆ ಆ ತಾಯಿಯ ಮಾತು ತಲೆಯಿಂದ ಹೋಗುತ್ತಿಲ್ಲ, ಬರೆದೇ ಮಲಗಬೇಕು.

ನಿನ್ನೆ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೇ ಕ್ಲಾಸಿಗೆ ಗಣಿತದ ಬಹುಪದೋಕ್ತಿ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೂರು ಹುಡುಗಿಯರು ಒಂದೇ ಕಡೆ ಬಗ್ಗಿ ಕೂತಿದ್ದರು. ನಡುವೆ ಫೋನು, ಅದರಲ್ಲಿ ರೀಲ್ಸ್. ಕೈ ಚಾಚಿದೆ, ಹುಡುಗಿ ಮಾತಾಡದೆ ಕೊಟ್ಟಳು. ನಮ್ಮಲ್ಲಿ ರೂಲ್ಸ್ ಅಂದರೆ ಫೋನು ಆಫೀಸಿಗೆ ಹೋಗಬೇಕು, ಮನೆಯವರೇ ಬಂದು ಸೈನ್ ಮಾಡಿ ತಗೊಂಡು ಹೋಗಬೇಕು. ಹಾಗೇ ಮಾಡಿದೆ.

ಇವತ್ತು ಊಟದ ಬೆಲ್ ಹೊಡೆಯುವ ಹೊತ್ತಿಗೆ ಅವಳ ತಾಯಿ ಬಂದರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಕೊರಳಲ್ಲಿ ಐಡಿ ಕಾರ್ಡು ಹಾಗೇ ಇತ್ತು. ಕೂತ್ಕೊಳ್ಳಿಮ್ಮ ಅಂದರೂ ಕೂರಲಿಲ್ಲ.

“ಮೇಡಮ್ಮಾರೇ, ತಪ್ಪು ನಮ್ ಹುಡ್ಗೀದೇ. ಬೈದಿದ್ದೀನಿ. ಆದ್ರೆ ಆ ಫೋನು ಅವಳ್ದಲ್ಲ, ನಂದು. ಕಂತು ಇನ್ನೂ ತೀರಿಲ್ಲ.”

“ನಿಮ್ಮ ಫೋನು ಅವಳ ಕೈಗೆ ಯಾಕೆ ಕೊಡ್ತೀರಿ?”

“ನಮ್ ಕಂಪ್ನೀಲಿ ಫೋನ್ ಒಳಕ್ಕೆ ಬುಡಲ್ಲ ಮೇಡಂ. ಗೇಟಲ್ಲೇ ಈಸ್ಕೊತಾರೆ. ಅಲ್ಲಿ ಸುಮ್ನೆ ಬಿದ್ದಿರೋ ಬದ್ಲು ಇವ್ಳ ತಾವ ಇರ್ಲಿ ಅಂತ. ಸಂಜೆ ಬಸ್ಸು ತುಂಬಿದ್ರೆ ಸ್ಕೂಲ್ ಐಕ್ಳನ್ನ ನೋಡಿ ನಿಲ್ಸಲ್ಲ. ಮುಂದಿನ ಬಸ್ಸಿಗೆ ಬಂದ್ರೆ ಕತ್ಲಾಯ್ತದೆ. ಸ್ಟಾಪಿಂದ ಊರಿಗೆ ಬರೋ ದಾರೀಲಿ ಎರಡೂ ಕಡೆ ಕಬ್ಬು. ಚಿರತೆ ಕಾಟ ಬ್ಯಾರೆ. ಬಸ್ಸಲ್ಲೇ ಅವ್ರ ಮಾವಂಗೆ ಫೋನ್ ಹೊಡುದ್ರೆ ಗಾಡಿ ತಕ್ಕಂಡು ಬತ್ತಾನೆ. ನಿನ್ನೆ ಫೋನಿಲ್ದೆ ಹೆಣ್ಣೈದ ಒಂದೇ ನಡ್ಕಂಡು ಬಂತು.”

ನಾನು ಏನು ಹೇಳಬೇಕು? ನಮ್ಮ ಊರಲ್ಲೂ ಕಬ್ಬಿನ ಗದ್ದೆಯ ಕಡೆಯಿಂದ ಸಂಜೆ ಯಾರೂ ಒಬ್ಬರೇ ಬರುವುದಿಲ್ಲ.

ಆಮೇಲೆ ಅವರೇ ಹೇಳಿದರು. “ಪಾಠ ಮಾಡೋವಾಗ ಫೋನು ಬ್ಯಾಡವೇ ಬ್ಯಾಡ ಮೇಡಂ. ಅವ್ಳು ಓದ್ಲಿ ಅಂತಾನೇ ಅಲ್ವಾ ನಾನು ಮಿಷನ್ ತುಳೀತಿರೋದು. ನಮ್ ಕಂಪ್ನೀಲಿ ಬೆಳಿಗ್ಗೆ ಈಸ್ಕೊಂಡು ಸಂಜೆ ಕೊಡ್ತಾರಲ್ಲ, ಹಂಗೇ ನೀವೂ ಮಾಡಿ.”

ನಮ್ಮ ಹೆಡ್‌ಮಾಸ್ಟರ್ ಎಚ್ಚೆಮ್ಮು ಸರ್ ಸೈನ್ ಹಾಕಿಸಿಕೊಂಡು ಫೋನು ಕೊಟ್ಟರು. ಅರ್ಧ ದಿನದ ಸಂಬಳ, ಅದರ ಜೊತೆ ಈ ತಿಂಗಳ ಹಾಜರಾತಿ ಬೋನಸ್ಸೂ ಹೋಯಿತು ಎಂದು ಹೊರಡುವಾಗ ಹೇಳಿದರು. ಯಾರನ್ನೂ ದೂರಲಿಲ್ಲ.

ಕ್ಲಾಸಿನಲ್ಲಿ ಫೋನು ಕೂಡದು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಒಮ್ಮೆ ಗಮನ ಆಚೆ ಹೋದರೆ ಮತ್ತೆ ಪಾಠಕ್ಕೆ ಬರಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೋದ 2023ರ ವರದಿಯಲ್ಲಿದೆ. ನಮ್ಮ ಪೀರಿಯಡ್ಡೇ 40 ನಿಮಿಷ. ಹಾಜರಿ ಕರೆದು, ಹಿಂದಿನ ದಿನದ್ದು ನೆನಪು ಮಾಡಿಸುವಷ್ಟರಲ್ಲೇ ಒಂದಷ್ಟು ಹೋಗಿರುತ್ತದೆ. ಇನ್ನು ಉಳಿಯುವುದು ಎಷ್ಟು?

ಇಂಗ್ಲೆಂಡಿನ 91 ಶಾಲೆಗಳ ಅಂಕ ನೋಡಿ 2015ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಬರೆದರು. ಫೋನು ನಿಲ್ಲಿಸಿದ ಮೇಲೆ ಅಂಕ ಜಾಸ್ತಿಯಾಗಿದ್ದು ಓದಿನಲ್ಲಿ ಹಿಂದೆ ಬಿದ್ದ ಮಕ್ಕಳದ್ದು. ಚೆನ್ನಾಗಿ ಓದುವ ಮಕ್ಕಳಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ದಿನಾ ನೋಡುತ್ತೇನೆ. ಮುಂದಿನ ಬೆಂಚಿನವರಿಗೆ ಟ್ಯೂಷನ್ ಇದೆ, ಮನೆಯಲ್ಲಿ ಹೇಳಿಕೊಡುವವರಿದ್ದಾರೆ, ಹೇಗೋ ದಡ ಸೇರುತ್ತಾರೆ. ಈ ಹುಡುಗಿಗೆ ಗಣಿತ ಸಿಗುವುದು ಕ್ಲಾಸಿನಲ್ಲಿ ಮಾತ್ರ. ಆ 40 ನಿಮಿಷವನ್ನು ರೀಲ್ಸ್ ತಿಂದುಹಾಕಿದರೆ ಅವಳಿಗೆ ಬೇರೆ ಯಾರು ಹೇಳಿಕೊಡುತ್ತಾರೆ? ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆದರೆ ಫೋನು ಕಿತ್ತುಕೊಂಡರೆ ಮುಗಿಯಿತು ಅನ್ನುವವರನ್ನು ಕಂಡರೂ ಕೋಪ ಬರುತ್ತದೆ. 2020ರ ಮಾರ್ಚಿನಲ್ಲಿ ಸ್ಕೂಲು ಮುಚ್ಚಿದಾಗ, ಹೇಗಾದರೂ ಮಾಡಿ ಒಂದು ಸ್ಮಾರ್ಟ್‌ಫೋನ್ ತಗೊಳ್ಳಿ ಅಂತ ಮನೆಮನೆಗೂ ಹೇಳಿದವರು ಮೇಷ್ಟ್ರುಗಳೇ ಅಲ್ವಾ? ಆಗ ಬೇರೆ ದಾರಿ ಇರಲಿಲ್ಲ. ಫೋನು ಇಲ್ಲದ ಮಕ್ಕಳು ಚಂದನ ಟಿವಿಯಲ್ಲಿ ಬರುತ್ತಿದ್ದ ಸಂವೇದ ಪಾಠ ನೋಡಿದರು. ಆಮೇಲೆ ಸ್ಕೂಲು ತೆರೆಯಿತು, ವಾಟ್ಸಾಪ್ ಗ್ರೂಪು ಮಾತ್ರ ಉಳಿಯಿತು. ಹೋಮ್‌ವರ್ಕು ಈಗಲೂ ಅದರಲ್ಲೇ ಹೋಗುತ್ತದೆ. ಬೆಳಿಗ್ಗೆ ಫೋನು ಮುಟ್ಟಬೇಡ ಅನ್ನುತ್ತೇವೆ, ರಾತ್ರಿ ಅದರಲ್ಲೇ ನೋಡಿಕೋ ಅನ್ನುತ್ತೇವೆ. ಮಗು ಯಾವ ಮಾತು ಕೇಳಬೇಕು?

ಫ್ರಾನ್ಸಿನಲ್ಲಿ 2018ರಲ್ಲೇ ಶಾಲೆಗಳಲ್ಲಿ ಫೋನು ಬೇಡ ಅಂತ ಕಾನೂನು ಮಾಡಿದರು. ಬ್ರೆಜಿಲ್‌ನಲ್ಲಿ ಈ ವರ್ಷ ಜನವರಿಯಲ್ಲಿ ಬಂತು. ಬ್ರೆಜಿಲ್‌ನವರು ಅಪಾಯದ ಹೊತ್ತಿಗೆ ಬಳಸಬಹುದು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಅದು ನನಗೆ ತುಂಬಾ ಹಿಡಿಸಿತು. ರೂಲ್ಸ್ ಮಾಡುವವರು ಮಗು ಮನೆ ಸೇರುವ ತನಕ ಯೋಚನೆ ಮಾಡಬೇಕು.

ಈಗ ಅಣ್ಣ ಊರಿಂದ ಫೋನ್ ಮಾಡಿದ್ದ. ಈ ಸಲ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿತಲ್ಲ, ಅವನ ದನಿಯೇ ಬೇರೆ ಆಗಿದೆ. ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿಡುವ ಮಾತೇ ಮಾತು. ಕೇಳಿ ನನಗೂ ಹಗುರ ಅನಿಸಿತು. ಅಮ್ಮನ ಮಂಡಿನೋವಿಗೆ ಎಣ್ಣೆ ಕಳಿಸಬೇಕು, ಮರೆಯಬಾರದು.

ನಾಳೆ ಶನಿವಾರ, ಬೆಳಗಿನ ಸ್ಕೂಲು. ಅದು ಮುಗಿದ ಮೇಲೆ ಮೀಟಿಂಗ್ ಇದೆ. ಆ ತಾಯಿ ಹೇಳಿದ್ದನ್ನೇ ಹೇಳುತ್ತೇನೆ. ಫೋನು ತರುವ ಮಕ್ಕಳು ಮನೆಯವರ ಸೈನ್ ಇರುವ ಚೀಟಿ ಕೊಡಲಿ. ಪ್ರೇಯರ್‌ಗೆ ಮೊದಲು ಫೋನು ಆಫ್ ಮಾಡಿ, ಹೆಸರು ಬರೆಸಿ ಆಫೀಸಿನಲ್ಲಿ ಇಡಲಿ. ಕೊನೆ ಬೆಲ್ ಆದ ತಕ್ಷಣ ವಾಪಸ್. ಫೋನು ಇಲ್ಲದವರಿಗೆ ಸಂಜೆ ಬಸ್ಸು ಹೋಗುವ ತನಕ ಆಫೀಸಿನ ಫೋನು ಸಿಗಬೇಕು. ಹೋಮ್‌ವರ್ಕು ಬೋರ್ಡಿನ ಮೇಲೆ, ನೋಟ್ ಬುಕ್ಕಿನಲ್ಲಿ. ಮೇಷ್ಟ್ರುಗಳ ಫೋನೂ ಸ್ಟಾಫ್ ರೂಮಿನಲ್ಲೇ ಇರಬೇಕು, ನಂದೂ ಸೇರಿ.

ಗುಮಾಸ್ತರು ಆಗಲೇ ಕೇಳಿದರು, “ಮೇಡಂ, ಒಂದು ಕಳೆದುಹೋದರೆ ಯಾರು ಕಟ್ಟಿಕೊಡೋದು?” ಸರಿಯಾದ ಪ್ರಶ್ನೆ. ಕಂತು ತೀರದ ಫೋನುಗಳು ಅವು. ಲ್ಯಾಬಿನಲ್ಲಿ ಒಂದು ಹಳೆ ಕಬ್ಬಿಣದ ಬೀರು ಖಾಲಿ ಇದೆ, ಬೀಗ ಚೆನ್ನಾಗಿದೆ. ಆದರೆ ಕೀಲಿ ಯಾರ ಹತ್ತಿರ ಇರಬೇಕು ಅನ್ನೋದು… ಅಟೆಂಡರ್ ನಾಲ್ಕೂವರೆಗೇ ಹೊರಡುತ್ತಾರೆ, ಎಚ್ಚೆಮ್ಮು ಸರ್‌ಗೆ ವಾರಕ್ಕೆ ಎರಡು ಸಲವಾದರೂ ಶಿಕ್ಷಣ ಇಲಾಖೆಯ ಬಿಇಒ ಆಫೀಸು. ನಾನೇ ಇಟ್ಟುಕೊಳ್ಳಬಹುದು, ಆದರೆ ನಾನು ರಜ ಹಾಕಿದ ದಿನ