ಆಲೆಮನೆ ಬೂದಿ

ನಮ್ಮತ್ತೆ ಅಡುಗೆಮನೆಯಲ್ಲಿ ಸೌಟುಗಳನ್ನು ಸಿಕ್ಕಿಸಿಡೋದು ನಾನು ಮಾಡಿದ ಮೊದಲ ಸ್ಟೋನ್‌ವೇರ್ ಹೂದಾನಿಯಲ್ಲಿ. ಕುತ್ತಿಗೆ ಸ್ವಲ್ಪ ಎಡಕ್ಕೆ ವಾಲಿದೆ. ತಳದಲ್ಲಿ ಒಂದು ಚಕ್ಕೆ ಎದ್ದುಹೋಗಿದೆ, ಅದಕ್ಕೇ ಕೆಳಗೆ ಮಡಚಿದ ರಟ್ಟು.

ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಮಾಮೂಲಿ ಕೆಂಪು ಮಡಕೆ. 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಸಾಕು. ಸ್ಟೋನ್‌ವೇರ್‌ಗೆ 1200ರ ಮೇಲೆ ಹೋಗಬೇಕು. ಆಗ ಮಣ್ಣೇ ಕಲ್ಲಿನ ಹಾಗೆ ಬಿಗಿಯಾಗುತ್ತೆ, ನೀರು ಜಿನುಗಲ್ಲ. ಮನೆಯ ಉಪ್ಪಿನಕಾಯಿ ಜಾಡಿ ಇದೇ ಜಾತಿ. ಮೈಸೂರಿನ ನಮ್ಮನೆ ಮಹಡಿ ಮೇಲೆ ಪುಟ್ಟ ಕರೆಂಟ್ ಗೂಡು ಇಟ್ಟುಕೊಂಡಿದ್ದೆ. ಮಣ್ಣೂ ತರಿಸಿಯಾಗಿತ್ತು. ಗ್ಲೇಜ್ ಮಾತ್ರ ನಾನೇ ಮಾಡಬೇಕು ಅನ್ನೋ ಹುಚ್ಚು. ಗ್ಲೇಜ್ ಅಂದರೆ ಇನ್ನೇನಲ್ಲ, ಮಡಕೆಗೆ ಹೊದಿಸಿದ ಗಾಜು. ಬೂದಿಯಿಂದಲೂ ಅದನ್ನು ಮಾಡಬಹುದು ಅಂತ ಗೊತ್ತಿತ್ತು. ಮಂಡ್ಯ ಪಕ್ಕದಲ್ಲೇ ಇರುವಾಗ ಬೂದಿಗೇನು ಬರ?

"ಬೂದಿನಾ? ಬೆಲ್ಲ ಬ್ಯಾಡ್ವಾ?" ಆಲೆಮನೆ ಯಜಮಾನರು ಎರಡು ಸಲ ಕೇಳಿದರು. "ಪಾತ್ರೆ ಉಜ್ಜಕ್ಕಾ?"

"ಇಲ್ಲಣ್ಣ, ಪಾತ್ರೆಗೆ ಬಳಿಯೋಕೆ."

"ತಗೊಂಡೋಗವ್ವ. ನಮ್ ಒಲೆನಾದ್ರೂ ಕಿಲೀನಾಯ್ತದೆ."

ಕಾಸು ತಗೊಳ್ಳಲಿಲ್ಲ. ನಾಚಿಕೆಗೆ ಎರಡು ಕೆಜಿ ಅಚ್ಚುಬೆಲ್ಲ ಕೊಂಡೆ.

ಬೂದಿ ಜರಡಿ ಹಿಡಿದು ಬಕೆಟ್‌ನಲ್ಲಿ ನೆನೆಸಿದೆ. ನೀರು ಸೋಪಿನ ಹಾಗೆ ಜಾರುತ್ತಿತ್ತು. ಅದು ಕ್ಷಾರ, ಕೈಗೆ ಗ್ಲೌಸ್ ಹಾಕಬೇಕು. ನಾನು ಹಾಕಿರಲಿಲ್ಲ. ರಾತ್ರಿ ಅನ್ನಕ್ಕೆ ಸಾರು ಕಲಸುವಾಗ ಬೆರಳ ತುದಿ ಚುರ್ ಅಂದಾಗಲೇ ಚರ್ಮ ಬಿರಿದಿರೋದು ಗೊತ್ತಾಗಿದ್ದು.

ಹಳೇ ಲೆಕ್ಕ ಒಂದಿದೆ: 40 ಭಾಗ ಫೆಲ್ಡ್‌ಸ್ಪಾರ್ ಅನ್ನೋ ಕಲ್ಲಿನ ಪುಡಿ, 40 ಭಾಗ ಬೂದಿ, 20 ಭಾಗ ಜೇಡಿ. ಹಾಗೇ ಕಲಸಿ ಮಣ್ಣಿನ ಬಿಲ್ಲೆಗಳ ಮೇಲೆ ಬಳಿದು ಸುಟ್ಟೆ. ಹೊಳಪೇ ಇಲ್ಲ. ರಾಗಿ ಅಂಬಲಿ ಒಣಗಿ ಅಂಟಿದ ಹಾಗೆ ಒರಟೊರಟು. ತಪ್ಪು ನನ್ನದೇ. ಆ ಲೆಕ್ಕ ಮರದ ಬೂದಿಗೆ. ಅದರಲ್ಲಿ ಸುಣ್ಣದಂಶ ಜಾಸ್ತಿ. ಕಬ್ಬಿನ ಸಿಪ್ಪೆ ಬೂದಿಯಲ್ಲಿ ಸಿಲಿಕಾ, ಅಂದರೆ ಮರಳಿನಂಶವೇ ಜಾಸ್ತಿ. ಗಾಜಾಗೋದು ಸಿಲಿಕಾವೇ, ಆದರೆ ಅದೊಂದೇ ಕರಗಬೇಕಂದ್ರೆ 1700 ಡಿಗ್ರಿ ದಾಟಬೇಕು. ಕರಗಿಸೋದಕ್ಕೆ ಸುಣ್ಣದಂಥದ್ದು ಜೊತೆಗಿರಬೇಕು. ಬೂದಿ ಅಂದರೆ ಬೂದಿ ಅಂದುಕೊಂಡಿದ್ದೆ ನಾನು.

ಅಮ್ಮನ ಮನೆಯ ಹಂಡೆ ಒಲೆಯಿಂದ ಹುಣಸೆ ಕಟ್ಟಿಗೆ ಬೂದಿ ತಂದೆ. ಒಂದು ಬಟ್ಟಲು ಹಾಕಿದೆ, ಸಾಲದು ಅನ್ನಿಸಿ ಇನ್ನೊಂದು ಸುರಿದೆ. ಬಣ್ಣಕ್ಕೆ ಕೆಮ್ಮಣ್ಣು ಒಂದು ಹಿಡಿ. ಅಳೆಯಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ. ಹುಳಿಗೆ ಉಪ್ಪು ಹಾಕೋ ಥರ ಹಾಕಿಬಿಟ್ಟೆ.

ಹೂದಾನಿಗೆ ಬಳಿದು, ಹಗಲೆಲ್ಲ ಸುಟ್ಟು ರಾತ್ರಿಯೆಲ್ಲ ಆರಲು ಬಿಟ್ಟೆ. "ದೋಸೆ ಥರ ಆಗಾಗ ಎತ್ತಿ ನೋಡೋಕಾಗಲ್ವೇನೇ?" ಅಂತ ಅತ್ತೆ. ಬೆಳಿಗ್ಗೆ ಮುಚ್ಚಳ ತೆಗೆದರೆ, ಹೂದಾನಿಯ ಹೆಗಲ ಮೇಲೆ ಅಪ್ಪಟ ಜೋನಿಬೆಲ್ಲದ ಬಣ್ಣ! ಬಾಯಂಚಲ್ಲಿ ತೆಳ್ಳಗಾಗಿ ಕಂದು. ಅಲ್ಲಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿದಿತ್ತು. ಖುಷಿಗೆ ಎತ್ತಿದೆ. ಕೆಳಗಿನ ತಟ್ಟೆಯೂ ಜೊತೆಗೇ ಎದ್ದು ಬಂತು. ಬೂದಿ ಗ್ಲೇಜ್ ಹರಿಯುತ್ತೆ, ತಳದಲ್ಲಿ ಒಂದೆರಡು ಬೆರಳಷ್ಟು ಜಾಗ ಖಾಲಿ ಬಿಡಬೇಕಿತ್ತು. ಉಳಿ, ಸುತ್ತಿಗೆ ತಂದು ನಾಲ್ಕು ಏಟು ಹಾಕಿದೆ. ತಟ್ಟೆ ಎರಡು ಹೋಳು. ಹೂದಾನಿ ತಳದ ಚಕ್ಕೆ ಆ ಹೋಳಿಗೇ ಅಂಟಿಕೊಂಡು ಉಳಿಯಿತು.

ಮುಂದಿನ ವರ್ಷ ಮತ್ತೆ ಅದೇ ಆಲೆಮನೆಗೆ ಹೋದೆ. ಈ ಸಲ ಒಲೆಗೆ ತೆಂಗಿನ ಗರಿ, ಸೌದೆ ಎಲ್ಲ ಹಾಕಿದ್ದರಂತೆ. ನಾನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟು 14 ಬಿಲ್ಲೆ ಸುಟ್ಟೆ. ಹಸಿರು ಬಂತು, ಹಳದಿ ಬಂತು. ಒಂದಂತೂ ಸುಮ್ನೆ ಕೆಸರಿನ ಬಣ್ಣ. ಜೋನಿಬೆಲ್ಲ ಮಾತ್ರ ಬರಲಿಲ್ಲ.

ಮೊನ್ನೆ ಅತ್ತೆ, ಲಟ್ಟಣಿಗೆ ಇಡೋಕೂ ಇಂಥದ್ದೇ ಇನ್ನೊಂದು ಬೇಕು, ಬಣ್ಣ ಇದೇ ಇರಲಿ ಅಂದರು. ಹ್ಞೂಂ ಅಂದಿದ್ದೇನೆ. ಬಚ್ಚಲ ಹಿಂದೆ ಇನ್ನೂ ಅರ್ಧ ಚೀಲ ಬೂದಿ ಇದೆ.