ಲೇಖಕರ ಮನೆಗಳ ಸ್ಕೆಚ್‌ಬುಕ್: ಈ ಸಲ ಕಾಂಕರ್ಡಿನ ಓಲ್ಡ್ ಮ್ಯಾನ್ಸ್

ಓಲ್ಡ್ ಮ್ಯಾನ್ಸ್ ಪುಟಕ್ಕೆ ಮನೆಯ ಮುಂಭಾಗ ಬೇಡ ಅಂತ ತೀರ್ಮಾನಿಸಿದೆ. ಬೂದು ಬಣ್ಣದ ಹಲಗೆ ಗೋಡೆ, ಎರಡು ಚಿಮಣಿ, ಎಲ್ಲ ಪೋಸ್ಟ್‌ಕಾರ್ಡಿನಲ್ಲೂ ಅದೇ. ನಾನು ಹಿಡಿದಿರುವುದು ಮಹಡಿಯ ಓದುಕೋಣೆಯ ಕಿಟಕಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಈ ಮನೆ 1770ರದ್ದು. ಕಟ್ಟಿಸಿದವರು ಪಾದ್ರಿ ವಿಲಿಯಂ ಎಮರ್ಸನ್, ಲೇಖಕ, ಚಿಂತಕ ರಾಲ್ಫ್ ವಾಲ್ಡೋ ಎಮರ್ಸನ್ನರ ಅಜ್ಜ. 1775ರ ಏಪ್ರಿಲ್ 19ರಂದು ಹೊಲದಾಚೆ ನಾರ್ತ್ ಬ್ರಿಜ್ ಎಂಬ ಸೇತುವೆ ಹತ್ತಿರ ಬ್ರಿಟಿಷ್ ಸಿಪಾಯಿಗಳಿಗೂ ಸುತ್ತಲಿನ ಊರಿನವರಿಗೂ ಗುಂಡಿನ ಕಾಳಗ ನಡೆದಾಗ (ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ ಅದು) ಮನೆಯವರಿಗೆ ಅದು ಇಲ್ಲಿಂದಲೇ ಕಂಡಿತ್ತು. ಸುಮಾರು ಅರವತ್ತು ವರ್ಷದ ಮೇಲೆ ಮೊಮ್ಮಗ ‘ನೇಚರ್’ ಎಂಬ ಪುಸ್ತಕ ಬರೆಯಲು ಕೂತದ್ದೂ ಈ ಮನೆಯಲ್ಲೇ. 1842ರಲ್ಲಿ ಹೊಸದಾಗಿ ಮದುವೆಯಾದ ಕಥೆಗಾರ ನಥಾನಿಯಲ್ ಹಾಥಾರ್ನ್ ಮತ್ತು ಸೋಫಿಯಾ ಬಾಡಿಗೆಗೆ ಬಂದರು. ಅವರು ಬರುವಷ್ಟರಲ್ಲಿ ಅದೇ ಊರಿನ ಲೇಖಕ ಥೋರೋ ತರಕಾರಿ ತೋಟ ಹಾಕಿಟ್ಟಿದ್ದರಂತೆ.

ಬಾಡಿಗೆದಾರರು ಮಾಡಿದ ಕೆಲಸ ನೋಡಿ: ವಜ್ರದುಂಗುರದಿಂದ ಕಿಟಕಿಯ ಗಾಜಿನ ಮೇಲೆ ಗೀಚಿದ್ದಾರೆ! ‘ಮನುಷ್ಯನ ಆಕಸ್ಮಿಕಗಳೇ ದೇವರ ಉದ್ದೇಶಗಳು’ ಎಂದು ಸೋಫಿಯಾ, ಕೆಳಗೆ 1843ರ ಇಸವಿ. ಹಂಪಿಯ ಕಂಬದ ಮೇಲೆ ಹೆಸರು ಕೆತ್ತುವವರನ್ನು ಬಾಯಿಗೆ ಬಂದಂತೆ ಬೈಯುವ ನಾನು ಇಲ್ಲಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಓದುತ್ತಿದ್ದೆ. ಅಕ್ಷರ ಕೂದಲೆಳೆಯಷ್ಟು ತೆಳು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ.

ಇದನ್ನು ಕಾಗದದ ಮೇಲೆ ತರುವುದೇ ಈ ಪುಟದ ಅಸಲಿ ಕೆಲಸ. ಬಿಳಿ ಜೆಲ್ ಪೆನ್ನಿನಲ್ಲಿ ಬರೆದರೆ ಅಂಗಡಿ ಬೋರ್ಡಿನ ಥರ ಕಾಣುತ್ತದೆ. ಅದಕ್ಕೇ ಇಂಕು ಮುಗಿದ ಬಾಲ್‌ಪೆನ್ನಿನಿಂದ ಮೊದಲು ಒತ್ತಿ ಬರೆದು, ಮೇಲೆ ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿದೆ. ಒತ್ತಿದ ಗೆರೆಗೆ ಸೀಸ ತಾಗುವುದಿಲ್ಲ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಜಲವರ್ಣ ಹಾಕಿದರೆ ಕಥೆ ಉಲ್ಟಾ: ಬಣ್ಣ ಗೆರೆಯೊಳಗೆ ಇಳಿದು ಕಪ್ಪಾಗುತ್ತದೆ. ಹಾಗಾಗಿ ಗಾಜಿಗೆ ಬರೀ ಪೆನ್ಸಿಲ್, ಚೌಕಟ್ಟಿಗೆ ಮಾತ್ರ ಬಣ್ಣ.

ಇನ್ನು ಹೊರಗಿನ ನೋಟ. ಈಗ ಆ ಕಡೆ ಹೋದರೆ ಮರದ ಸೇತುವೆ ಇದೆ, ಜನ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಆದರೆ ಕಾಳಗ ನಡೆದ ಸೇತುವೆಯನ್ನು 1793ರಲ್ಲೇ ಕಿತ್ತಿದ್ದರು; ಮತ್ತೆ ಕಟ್ಟಿದ್ದು ಕಾಳಗದ ಶತಮಾನೋತ್ಸವದ ಹೊತ್ತಿಗೆ. ಅಂದರೆ ಎಮರ್ಸನ್ ಇಲ್ಲಿ ಬರೆಯುವಾಗಲೂ ಇಲ್ಲ, ಹಾಥಾರ್ನ್ ಕಾಲದಲ್ಲೂ ಇಲ್ಲ. 1837ರಲ್ಲಿ ಅಲ್ಲಿನ ಸ್ಮಾರಕಸ್ತಂಭಕ್ಕೆಂದು ಬರೆದ ಪದ್ಯದಲ್ಲಿ ಎಮರ್ಸನ್ನರೇ ಕಾಲ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು ಅಂದಿದ್ದಾರೆ. ನನ್ನ ಕಿಟಕಿ 1843ರದ್ದು, ಆದ್ದರಿಂದ ನದಿ, ಸ್ತಂಭ ಅಷ್ಟೇ. ‘ಸೇತುವೆ ಎಲ್ಲಿ?’ ಅಂತ ಕೇಳುವವರು ಕೇಳಲಿ.

ಹಾಥಾರ್ನ್ ಮಾತ್ರ ಈ ನೋಟಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿದ ಪುಟ್ಟ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ಹಲಗೆಯನ್ನು ಪುಟದ ಅಂಚಿನಲ್ಲಿ ಸೇರಿಸಬೇಕು, ಅಳತೆ ಇನ್ನೂ ಕೂಡಿಬಂದಿಲ್ಲ. ಅದಾದ ಮೇಲೆ ಅದೇ ಊರಿನ ಆರ್ಚರ್ಡ್ ಹೌಸ್. ಅಲ್ಲಿ ‘ಲಿಟ್ಲ್ ವಿಮೆನ್’ ಬರೆದ ಲೂಯಿಸಾ ಮೇ ಆಲ್ಕಾಟ್‌ಗೆ ಅಪ್ಪ ಮಾಡಿಕೊಟ್ಟ ಮೇಜು ಇರುವುದು ಎರಡು ಕಿಟಕಿಗಳ ನಡುವೆ.