ಸಾವಿಲ್ಲದವರ ಊರಿನಲ್ಲಿ ಯಾವುದು ತಡವಾಗುತ್ತದೆ?

ಕಾದಂಬರಿಗಳ ಹಸ್ತಪ್ರತಿಗಳನ್ನು ಓದಿ ತಿದ್ದುವುದು ನನ್ನ ಕೆಲಸ. ವೈಜ್ಞಾನಿಕ ಕಾದಂಬರಿಗಳು ಹೆಚ್ಚಾಗಿ ನನ್ನ ಮೇಜಿಗೇ ಬರುವುದರಿಂದ ಒಂದು ಲೋಕ ನನಗೆ ಚಿರಪರಿಚಿತವಾಗಿದೆ. ಅಲ್ಲಿ ರೋಗವಿಲ್ಲ, ಕೊರತೆಯಿಲ್ಲ, ದುಡಿಯಲೇಬೇಕೆಂಬ ಹಂಗಿಲ್ಲ, ಸಾವೂ ಇಲ್ಲ. ಆದರೂ ಅಲ್ಲಿನ ಪ್ರತಿಯೊಬ್ಬರೂ ಬೇಸತ್ತು ಕುಳಿತಿರುತ್ತಾರೆ. ಬಹುಕಾಲ ಬದುಕಿದವರಿಗೆ ಬೇಸರ ಬಂದೇ ಬರುತ್ತದೆ, ಅದನ್ನು ಓದುಗರು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ ಎಂದು ಲೇಖಕರು ನಂಬಿರುತ್ತಾರೆ. ತಿದ್ದುವವಳಾಗಿ ನಾನು ಅದನ್ನು ಒಪ್ಪುವುದಿಲ್ಲ.

ಈಚೆಗೆ ಬಂದ ಒಂದು ಹಸ್ತಪ್ರತಿಯ ಮೊದಲ ಅಧ್ಯಾಯದಲ್ಲಿ, 800 ವರ್ಷ ಬದುಕಿರುವ ಹೆಂಗಸೊಬ್ಬಳು ಮಹಡಿಯ ಮೇಲೆ ನಿಂತು, ತಾನು 2,92,000 ಸೂರ್ಯಾಸ್ತಗಳನ್ನು ನೋಡಿಯಾಯಿತೆಂದು ನಿಟ್ಟುಸಿರು ಬಿಡುತ್ತಾಳೆ. ಗುಣಾಕಾರವೇನೋ ಸರಿಯಾಗಿಯೇ ಇದೆ. ಆದರೆ ಜೀವಮಾನವೆಲ್ಲ ಒಂದೇ ರಾಗವನ್ನು ಮತ್ತೆ ಮತ್ತೆ ಹಾಡಿದ ಗಾಯಕರಿಗೆ ಆ ರಾಗ ಬೇಸರ ತರಿಸಿರುವುದಿಲ್ಲ. ಬದಲಾಗಿ ಅದು ಇನ್ನೂ ಕೈಗೆ ಸಿಕ್ಕಿಲ್ಲವೆಂದೇ ಅವರು ಹೇಳುತ್ತಾರೆ. ಎಷ್ಟು ಸಲ ಎಂಬ ಎಣಿಕೆಯೊಂದೇ ಬೇಸರವನ್ನು ಹುಟ್ಟಿಸಲಾರದು.

ಇದಕ್ಕೆ ಲೇಖಕರು ಸಾಮಾನ್ಯವಾಗಿ ಜೆಕ್ ನಾಟಕಕಾರ ಕರೆಲ್ ಚಾಪೆಕ್‌ನ ನಾಯಕಿಯನ್ನು ಸಾಕ್ಷಿಯಾಗಿ ಕರೆತರುತ್ತಾರೆ. 1922ರಲ್ಲಿ ರಂಗಕ್ಕೆ ಬಂದ 'ಮಕ್ರೋಪುಲೋಸ್ ಪ್ರಕರಣ' ನಾಟಕದ ಎಲಿನಾ ಕೂಡ ಗಾಯಕಿಯೇ. ಚಕ್ರವರ್ತಿ ಎರಡನೆಯ ರುಡಾಲ್ಫನ ವೈದ್ಯನಾಗಿದ್ದ ತಂದೆ ಕೊಟ್ಟ ಔಷಧಿಯಿಂದ ಅವಳು 300ಕ್ಕೂ ಹೆಚ್ಚು ವರ್ಷ ಬದುಕಿ, ಹೆಸರು ಬದಲಾಯಿಸುತ್ತಾ, ಕೊನೆಗೆ ಹಾಡುವುದೂ ಹಾಡದಿರುವುದೂ ಒಂದೇ ಎನ್ನುವಷ್ಟು ತಣ್ಣಗಾಗಿರುತ್ತಾಳೆ. ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇವಳನ್ನೇ ಮುಂದಿಟ್ಟುಕೊಂಡು, ಸ್ವಭಾವ ಬದಲಾಗದೆ ಉಳಿದರೆ ಅನಂತಕಾಲದ ಬದುಕು ಬೇಸರದಲ್ಲೇ ಮುಗಿಯುತ್ತದೆ, ಸ್ವಭಾವ ಪೂರ್ತಿ ಬದಲಾದರೆ ಬದುಕುತ್ತಿರುವುದು ನಾನೇ ಎಂದು ಹೇಳಲು ಬಾರದು ಎಂಬ ಇಕ್ಕಟ್ಟನ್ನು ಬಿಡಿಸಿಟ್ಟ. ವಾದ ಗಟ್ಟಿಯಾಗಿದೆ, ಆದರೆ ಎಲಿನಾ ಇರುವುದು ಸಾಯುವವರ ನಡುವೆ, ಒಬ್ಬಂಟಿಯಾಗಿ, ಗುಟ್ಟನ್ನು ಬಚ್ಚಿಟ್ಟುಕೊಂಡು. ಎಲ್ಲರೂ ಅಮರರಾಗಿರುವ ಸುಖೀ ಸಮಾಜಕ್ಕೆ ಅವಳ ಒಂಟಿತನವನ್ನು ಎರವಲು ತಂದರೆ ಹೊಂದುವುದಿಲ್ಲ. ಸ್ವಿಫ್ಟ್‌ನ ಗಲಿವರ್ (1726) ಕಾಣುವ ಸಾವಿಲ್ಲದ ಮುದುಕರದ್ದೂ ಇದೇ ಕಥೆ: 80 ತುಂಬಿದೊಡನೆ ಕಾನೂನು ಅವರನ್ನು ಸತ್ತವರೆಂದು ಎಣಿಸುತ್ತದೆ, ಸುತ್ತಲಿನವರ ಭಾಷೆ ಬದಲಾಗುತ್ತಾ ಹೋಗಿ ಅವರು ಸ್ವಂತ ನಾಡಿನಲ್ಲೇ ಪರದೇಶಿಗಳಾಗುತ್ತಾರೆ. ಅದು ಸಂಕಟವೇ ಹೊರತು ಬೇಸರವಲ್ಲ.

ಅಮರರದ್ದೇ ಆದ ಸಮಾಜವನ್ನು ನಿಜವಾಗಿ ಯೋಚಿಸಿ ನೋಡಿದವನು ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್. ಅವನ 'ಅಮರ' ಎಂಬ ಕಥೆಯಲ್ಲಿ ಒಬ್ಬ ಕಲ್ಲುಗಣಿಯೊಳಗೆ ಬೀಳುತ್ತಾನೆ. ಬಾಯಾರಿಕೆ ಅವನನ್ನು ಸುಡುತ್ತದೆ, ಆದರೆ ಕೊಲ್ಲಲಾರದು. ಮೇಲಿನವರು ಅವನಿಗೆ ಹಗ್ಗ ಇಳಿಬಿಡುವ ಹೊತ್ತಿಗೆ 70 ವರ್ಷ ಕಳೆದಿರುತ್ತವೆ. ಅವರು ಕ್ರೂರಿಗಳೆಂದು ಇದರ ಅರ್ಥವಲ್ಲ; ಇಂದೇ ಎಸೆಯಬೇಕೆಂಬ ಕಾರಣ ಆ ಹಗ್ಗಕ್ಕಿಲ್ಲ, ಅಷ್ಟೇ. ಆ ಕಥೆ ಓದಿದಂದಿನಿಂದ ಇಂಥ ಹಸ್ತಪ್ರತಿಗಳ ಅಂಚಿನಲ್ಲಿ ನಾನು ಒಂದೇ ಪ್ರಶ್ನೆ ಬರೆಯುತ್ತೇನೆ: ಈ ಊರಿನಲ್ಲಿ ಯಾವುದು ತಡವಾಗಬಹುದು?

ಸೂರ್ಯಾಸ್ತದ ಲೇಖಕರಿಗೂ ಅದನ್ನೇ ಬರೆದೆ. ಅವರು ಫೋನ್ ಮಾಡಿ, "ಏನೂ ತಡವಾಗುವುದಿಲ್ಲ ಮೇಡಂ, ಅದಕ್ಕೇ ಅಲ್ಲವೇ ಅವಳಿಗೆ ಬೇಸರ?" ಎಂದರು. "ಹಾಗಿದ್ದರೆ ನಿಟ್ಟುಸಿರನ್ನು ತೆಗೆದು ಅದನ್ನೇ ತೋರಿಸಿ" ಎಂದೆ. ಮರಳಿ ಬಂದ ಪ್ರತಿಯಲ್ಲಿ ಸೂರ್ಯಾಸ್ತ ಇರಲಿಲ್ಲ. ಅವಳು ಊಟಕ್ಕೆ ಕರೆದಿದ್ದ ಗೆಳೆಯ 11 ವರ್ಷ ತಡವಾಗಿ ಬಾಗಿಲು ತಟ್ಟುತ್ತಾನೆ. ಅವನು ಕ್ಷಮೆ ಕೇಳುವುದಿಲ್ಲ, ಅವಳು ಕಾರಣ ಕೇಳುವುದಿಲ್ಲ, ಇನ್ನೊಂದು ತಟ್ಟೆ ಇಡುತ್ತಾಳೆ. ಬೇಸರ ಎಂಬ ಪದವೇ ಇಲ್ಲದ ಆ ಅರ್ಧ ಪುಟ ನಾನು ಮುಟ್ಟದೆ ಬಿಟ್ಟ ಕೆಲವೇ ಪುಟಗಳಲ್ಲಿ ಒಂದು.

ಬೇಸರ ಹೀಗೆ ಕಾಣಿಸಿಕೊಂಡ ಮೇಲೆ ಉದ್ದೇಶದ ಪ್ರಶ್ನೆ ಏಳುತ್ತದೆ, ಕಷ್ಟವಿರುವುದೂ ಅಲ್ಲಿಯೇ. ಆರ್ಥರ್ ಸಿ. ಕ್ಲಾರ್ಕ್ 1956ರ 'ದಿ ಸಿಟಿ ಅಂಡ್ ದಿ ಸ್ಟಾರ್ಸ್' ಕಾದಂಬರಿಯಲ್ಲಿ ಡಯಾಸ್ಪರ್ ಎಂಬ ನಗರವನ್ನು ಕಟ್ಟಿದ. ಅಲ್ಲಿನವರು ಸುಮಾರು ಸಾವಿರ ವರ್ಷ ಬದುಕಿ, ನಗರದ ನೆನಪಿನ ಭಂಡಾರಕ್ಕೆ ಮರಳಿ, ಯುಗಗಳಾಚೆ ಮತ್ತೆ ಹೊರಬರುತ್ತಾರೆ. ಆ ನಗರದ ನಿರ್ಮಾತೃಗಳು ಜಾಣರು. ಎಲ್ಲವೂ ನಯವಾಗಿ ನಡೆದರೆ ಊರು ಕೊಳೆಯುತ್ತದೆಂದು ಅರಿತು, ಆಗಾಗ ವ್ಯವಸ್ಥೆಯನ್ನು ಕಲಕಲೆಂದೇ ಒಬ್ಬ ವಿದೂಷಕನ ಹುದ್ದೆಯನ್ನು ಇಟ್ಟಿದ್ದಾರೆ. ವಿಮರ್ಶಕರು ನಾಯಕ ಆಲ್ವಿನ್ ಬಗ್ಗೆ ಬರೆಯುತ್ತಾರೆ. ನನಗೆ ಈ ಅಧಿಕೃತ ಕಿಡಿಗೇಡಿಯೇ ಹೆಚ್ಚು ಇಷ್ಟ. ಇಯಾನ್ ಬ್ಯಾಂಕ್ಸ್ ಬೇರೆ ದಾರಿ ಹಿಡಿದ. 1988ರ 'ದಿ ಪ್ಲೇಯರ್ ಆಫ್ ಗೇಮ್ಸ್' ಕಾದಂಬರಿಯ ನಾಯಕ, ಏನೂ ಕೊರತೆಯಿಲ್ಲದ ತನ್ನ ಸಮಾಜದಲ್ಲಿ ಎಲ್ಲ ಆಟಗಳನ್ನೂ ಗೆದ್ದು ಸಪ್ಪಗಾದಾಗ, ಆಟದಲ್ಲಿ ಗೆದ್ದವನೇ ಚಕ್ರವರ್ತಿಯಾಗುವ ಕ್ರೂರ ಸಾಮ್ರಾಜ್ಯವೊಂದಕ್ಕೆ ಅವನನ್ನು ಕಳಿಸಲಾಗುತ್ತದೆ. ಕಥೆ ಬಿಗಿಯಾಗಿದೆ, ಆದರೆ ತಂತ್ರದಲ್ಲಿ ಸ್ವಲ್ಪ ಜಾರಿಕೆಯೂ ಇದೆ: ಸುಖೀ ಸಮಾಜ ತನ್ನ ಬದುಕಿನ ಅರ್ಥಕ್ಕಾಗಿ ಇನ್ನೊಬ್ಬರ ದುಃಖವನ್ನು ಅವಲಂಬಿಸಬೇಕಾಗುತ್ತದೆ.

ನಮ್ಮ ಪುರಾಣಕಾರರು ಇದನ್ನು ಒಳಗಿನಿಂದಲೇ ನಿಭಾಯಿಸಿದರೆಂದು ನನಗೆ ತೋರುತ್ತದೆ. ಅಮರಾವತಿಯಲ್ಲಿ ಅಮೃತವಿದೆ, ಕಲ್ಪವೃಕ್ಷವಿದೆ. ಆದರೂ ಇಂದ್ರ ಬೇಸತ್ತು ಆಕಳಿಸಿದ ಪ್ರಸಂಗ ನನಗಂತೂ ಎದುರಾಗಿಲ್ಲ. ಭೂಮಿಯಲ್ಲಿ ಯಾರೋ ತಪಸ್ಸಿಗೆ ಕುಳಿತರೆ ಸಾಕು, ಅವನ ಸಿಂಹಾಸನ ಅಲುಗಾಡುತ್ತದೆ. ಮನ್ವಂತರ ಉರುಳಿದರೆ ಆ ಪದವಿ ಬೇರೆಯವರ ಪಾಲಾಗುತ್ತದೆ. ದೇಹಕ್ಕೆ ಅಳಿವಿಲ್ಲದಿದ್ದರೂ ಹುದ್ದೆಗೆ ಅಳಿವಿದೆ. ಅಪ್ಸರೆಯನ್ನು ಕಳಿಸುವುದು ಒಂದು ದಿನ ತಡವಾದರೂ ಕೆಲಸ ಕೆಡುತ್ತದೆ.

ಈ ಮಾತನ್ನು ಲೇಖಕರೊಂದಿಗೆ ಹಂಚಿಕೊಂಡೆ. ಅವರು ಕಂಡುಕೊಂಡ ಉತ್ತರ ಮಾತ್ರ ನನಗೆ ಹೊಳೆದದ್ದಲ್ಲ. ಅವರ ಊರಿನಲ್ಲಿ 300 ವರ್ಷಗಳ ಬಳಿಕ ಒಂದು ಮಗು ಹುಟ್ಟುತ್ತದೆ. ಆ ಮಗುವಿಗೂ ಸಾವಿಲ್ಲ, ಆದರೆ ಅದರ ಬಾಲ್ಯಕ್ಕೆ ಕೊನೆಯಿದೆ. ಅದು ಒಂದು ವರ್ಷ ಮಾತ್ರ ಐದರ ಪ್ರಾಯದಲ್ಲಿರುತ್ತದೆ. ಯಾವುದಕ್ಕೂ ಅವಸರಪಡದ ಜನ ಈಗ ಅಕ್ಷರ ಕಲಿಸುವ ಸರದಿಗಾಗಿ ಜಗಳವಾಡುತ್ತಾರೆ. 800 ವರ್ಷದ ನಮ್ಮ ನಾಯಕಿ ಮಗುವಿನ ಮೊದಲ ಹೆಜ್ಜೆ ನೋಡಲು ಮರುದಿನ ಬಂದು, ಅದು ನಿನ್ನೆಯೇ ಆಗಿಹೋಯಿತೆಂದು ತಿಳಿದು ಸಿಟ್ಟಿಗೇಳುತ್ತಾಳೆ. ಆ ಸಿಟ್ಟು ಕಾದಂಬರಿಯಲ್ಲಿ ಅವಳಿಗೆ ಬರುವ ಮೊದಲ ಸಿಟ್ಟು.

ಆ ಪುಟದ ಅಂಚಿನಲ್ಲಿ ನಾನು ಬರೆದ ಪ್ರಶ್ನೆ ಬೇರೆ: ಯಾರೂ ಸಾಯದ ಊರಿನಲ್ಲಿ ಮುಂದಿನ ಮಗು ಯಾರಿಗೆ ಎಂದು ತೀರ್ಮಾನಿಸುವವರು ಯಾರು? ಆರು ಪುಟದ ಉಪಸಂಹಾರವಾಗಿದ್ದ ಅಧ್ಯಾಯ ಈಗ ಒಂದು ಸಭೆಯಾಗಿ, ಸಭೆ ಬಣಗಳಾಗಿ, ಹಸ್ತಪ್ರತಿಯ ಅತಿ ಉದ್ದದ ಅಧ್ಯಾಯವಾಗಿ ಬೆಳೆದಿದೆ. ಅದರ ಮೂರನೆಯ ಕರಡು ಸದ್ಯ ನನ್ನ ಮೇಜಿನ ಮೇಲಿದೆ.